ವಾಣಿಯ ಉಪ್ಪಿನ ಹೇರು ಇನ್ನೂ ಘಾಟಿಯಲ್ಲೇ ಇದೆ

ಭಾನುವಾರ, ಬೆಳಗಿನ ಆರು ಗಂಟೆ. ದೋಣಿಗಲ್ ಹತ್ತಿರದ ಎಸ್ಟೇಟ್ ಕೂಲಿಮನೆಗಳ ಲೈನಿನ ಮೂರನೇ ಮನೆಯ ಬಾಗಿಲಲ್ಲಿ ಕೂತು ವಾಣಿ ಮೊರದ ತುಂಬ ಹಸಿರು ಕಾಫಿ ಬೀಜ ಹರಡಿಕೊಂಡಿದ್ದಾರೆ. ಒಂದು ಬೀಜ ಎತ್ತುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಬೆನ್ನು ಸವರುತ್ತಾರೆ, ಮಗುಚಿ ಹೊಟ್ಟೆಯ ಗೀರು ನೋಡುತ್ತಾರೆ, ಆಮೇಲೆ ಮೊಣಕೈ ಎತ್ತರದಿಂದ ನೆಲಕ್ಕೆ ಬಿಡುತ್ತಾರೆ. ಉರುಳಿ ಹೋದದ್ದು ಮೊರಕ್ಕೆ ವಾಪಸ್ಸು. ಬಿದ್ದಲ್ಲೇ ನೆಟ್ಟಗೆ ಕೂತದ್ದು ಸೆರಗಿಗೆ. ಒಳಗಿನಿಂದ ತಾಯಿ ಹುಲಿಯಮ್ಮ ಎರಡು ಸಲ ಇಣುಕಿ ನೋಡಿ ಒಲೆಯ ಕಡೆಗೆ ಹೋಗುತ್ತಾರೆ. ಅರ್ಧ ಗಂಟೆಯಲ್ಲಿ ಸೆರಗಿನ ಮೇಲೆ ಏಳು ಬೀಜ ಉಳಿಯುತ್ತವೆ.

ಇವು ಕುಡಿಯುವುದಕ್ಕಲ್ಲ. ಇನ್ನೊಂದು ಗಂಟೆಯಲ್ಲಿ ಇವುಗಳ ಮೇಲೆ ಒಂದು ಎತ್ತಿನ ಜೀವ ನಿಲ್ಲಲಿದೆ. ಎತ್ತಿನ ಹೆಸರು ಕೆಂದ. ಇನ್ನೂರೈವತ್ತು ವರ್ಷದ ಹಿಂದೆ, ಕರಾವಳಿಯಿಂದ ಎರಡು ಚೀಲ ಉಪ್ಪು ಹೊತ್ತು ಘಾಟಿ ಹತ್ತುತ್ತಿದೆ. ಅದರ ಎರಡೂ ಹಿಂಗಾಲು ಮೂರು ವಾರದಿಂದ ಪ್ರಪಾತದ ಕಡೆಗೆ ಜಾರಿಕೊಂಡೇ ಇವೆ.

ಮೂವತ್ತೆಂಟರ ವಾಣಿ ವಾರದಲ್ಲಿ ಆರು ದಿನ ಸಕಲೇಶಪುರದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬೀಜ ಆರಿಸುತ್ತಾರೆ. ಕಪ್ಪು, ಒಡಕು, ಹುಳು ಕೊರೆದದ್ದು, ಎಲ್ಲ ಬೇರೆ ಬೇರೆ. ಇವರು ಸೇರಿದಾಗ ಅಲ್ಲಿನ ಹಾಲ್‌ನಲ್ಲಿ ಅರವತ್ತು ಹೆಂಗಸರಿದ್ದರು. ಯಂತ್ರ ಬಂದ ಮೇಲೆ ಹದಿನಾಲ್ಕು ಮಂದಿ ಉಳಿದಿದ್ದಾರೆ. ಕತ್ತು ಹಿಡಿದುಕೊಳ್ಳುತ್ತದೆ, ಸಂಜೆಗೆ ಕಣ್ಣಲ್ಲಿ ನೀರು ಬರುತ್ತದೆ. ಆದರೆ ತಲೆ ಖಾಲಿ ಇರುತ್ತದೆ. ಆ ಖಾಲಿ ತಲೆಯಲ್ಲಿ ಅವರು ಭಾನುವಾರದ ಆಟಕ್ಕೆ ಘಾಟಿಯ ದಾರಿ ಕಡಿಯುತ್ತಾರೆ: ಎಲ್ಲಿ ಹಳ್ಳ, ಎಲ್ಲಿ ಸುಂಕದ ಕಟ್ಟೆ, ಎಲ್ಲಿ ಹುಲಿ.

ಪಟ್ಟಣದವರು ಇದನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಇಲ್ಲಿ ಹೇರಿನ ಆಟ. ಮಣೆ ಇಲ್ಲ, ಕಾಯಿ ಇಲ್ಲ, ಗೆಲ್ಲುವವರೂ ಇಲ್ಲ. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಎದುರಿಗೆ ಏನು ಬಂತು ಎಂದು ವಾಣಿ ಹೇಳುತ್ತಾರೆ, ಆಮೇಲೆ ಒಂದೇ ಪ್ರಶ್ನೆ ಕೇಳುತ್ತಾರೆ: "ಈಗ ಏನ್ಮಾಡ್ತೀರಿ?" ಅವರು ಮಾಡಹೊರಟದ್ದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ಏಳು ಬೀಜ ನೆಲಕ್ಕೆ ಹಾಕಬೇಕು. ನಾಲ್ಕಾದರೂ ಗೀರು ಮೇಲೆ ಮಾಡಿ ಬಿದ್ದರೆ ಆಯಿತು. ಕಡಿಮೆಯಾದರೆ ಇಲ್ಲ. ಹಾಕಿದವರೇ ಬಗ್ಗಿ ನೋಡಿ ಲೆಕ್ಕ ಹೇಳಬೇಕು, ಅವರಿಗೆ ಕಾಣದಿದ್ದರೆ ಜೊತೆಯವರು. ವಾಣಿ ಮಾತ್ರ ಬಗ್ಗುವುದಿಲ್ಲ, ಬಿದ್ದ ಬೀಜ ಮುಟ್ಟುವುದೂ ಇಲ್ಲ. ಹುಲಿಯೂ ಅವರದೇ, ಬೀಜದ ಲೆಕ್ಕವೂ ಅವರದೇ ಆದರೆ ಯಾರು ನಂಬುತ್ತಾರೆ?

ಆಟ ಕಲಿತದ್ದು ಪಾತ್ರೆ ತೊಳೆಯುತ್ತ. ಏಳು ವರ್ಷದ ಹಿಂದೆ ಒಂದು ಹೋಂಸ್ಟೇಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ ಮೈಸೂರಿನ ನಾಲ್ವರು ಕಾಲೇಜು ಹುಡುಗಿಯರು ಬಂದರು. ಕೆಳಗೆ ರಸ್ತೆ ಕುಸಿದು ಮೂರು ದಿನ ಅಲ್ಲೇ ಸಿಕ್ಕಿಕೊಂಡರು. ಮೂರು ದಿನವೂ ಮೇಜಿನ ಸುತ್ತ ಕೂತು, ಆಟದೊಳಗೆ ಒಂದು ಗುಹೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬೆಂಕಿ ಉಗುಳುವ ಹಾವಿನಂಥ ಪ್ರಾಣಿ. ಬಾಗಿಲು ಒಡೆದು ನುಗ್ಗುವುದೋ ಬೇಡವೋ ಎಂದು ಎರಡನೇ ದಿನ ಸಂಜೆಯಾದರೂ ಜಗಳ ಮುಗಿದಿರಲಿಲ್ಲ. ತಟ್ಟೆ ಎತ್ತಲು ಹೋದ ವಾಣಿ, ಮೊದಲು ಬಾಗಿಲು ತಟ್ಟಿ ನೋಡಬಹುದಲ್ಲ ಎಂದರು. ಹುಡುಗಿಯರು ಒಂದು ಕುರ್ಚಿ ಎಳೆದು ಕೂರಿಸಿದರು. ಹೊರಡುವಾಗ ಇಪ್ಪತ್ತು ಮುಖದ ಒಂದು ದಾಳ ಕೈಗಿಟ್ಟು ಹೋದರು.

ಆ ದಾಳ ಹೆಚ್ಚು ದಿನ ಬಾಳಲಿಲ್ಲ. ಆಟ ನಡೆಯುವುದು ಎಸ್ಟೇಟಿನ ಹಳೇ ತೂಕದ ಶೆಡ್ಡಿನಲ್ಲಿ. ನೆಲಕ್ಕೆ ಇಳಿಸಿ ಕೂರಿಸಿದ ಕಬ್ಬಿಣದ ತೂಕದ ಹಲಗೆ, ಅದರ ಸುತ್ತ ಎರಡು ಬೆರಳಿನ ಸಂದು. ಇಲ್ಲಿ ಆಟ ಶುರುವಾದ ಮೂರನೇ ವಾರವೇ ದಾಳ ಉರುಳಿ ಆ ಸಂದಿಗೆ ಬಿತ್ತು, ಇವತ್ತಿಗೂ ಅಲ್ಲೇ ಇದೆ. ಅಂದಿನಿಂದ ಕಾಫಿ ಬೀಜ. ಬೀಜ ಉರುಳುವುದಿಲ್ಲ, ಪೀಬೆರಿ ಒಂದನ್ನು ಬಿಟ್ಟು. ಅದು ಗುಂಡಗಿನ ಒಂಟಿ ಕಾಳು, ಚಪ್ಪಟೆ ಮುಖವೇ ಇರುವುದಿಲ್ಲ. ಒಮ್ಮೆ ಕಣ್ತಪ್ಪಿ ಒಂದು ಸೇರಿಕೊಂಡು, ಒಬ್ಬ ಹೊಳೆ ದಾಟಿದನೋ ಮುಳುಗಿದನೋ ಎಂದು ಎರಡು ಗಂಟೆ ವಾದ ನಡೆಯಿತು.

ಬೆಂಕಿ ಉಗುಳುವ ಪ್ರಾಣಿಯೂ ಇಲ್ಲಿ ನಡೆಯಲಿಲ್ಲ. ಅದಕ್ಕೆ ದಿನಕ್ಕೆ ಎಷ್ಟು ಮೇವು, ಹುಲ್ಲಿನ ಬಣವೆಯ ಪಕ್ಕ ಅದನ್ನು ಯಾವ ಬುದ್ಧಿಯವನು ಕಟ್ಟಿದ ಎಂದು ಆಡುವವರು ಕೇಳತೊಡಗಿದರು. ವಾಣಿ ಅದನ್ನು ಕೈಬಿಟ್ಟು, ಅಜ್ಜ ಹೇಳುತ್ತಿದ್ದ ಉಪ್ಪಿನ ಎತ್ತುಗಳನ್ನು ಘಾಟಿಗೆ ಇಳಿಸಿದರು. ಹಳಬರನ್ನು ಕೇಳಿ, ಪಟ್ಟಣದ ಲೈಬ್ರರಿಯಲ್ಲಿ ಕೂತು ಇನ್ನೂರು ಪುಟದ ನೋಟ್‌ಬುಕ್ ತುಂಬಿಸಿದ್ದಾರೆ. ಅದರ ಕೊನೆಯ ಪುಟದಲ್ಲಿ ಆ ಕಾಲಕ್ಕೆ ಇಲ್ಲಿಗೆ ಬಂದಿರದ ವಸ್ತುಗಳ ಪಟ್ಟಿ: ಬೆಂಕಿಪೊಟ್ಟಣ, ಟೊಮೇಟೊ, ಆಲೂಗಡ್ಡೆ, ಪ್ಲಾಸ್ಟಿಕ್ ಕೊಡ. ಕಾಫಿಯೂ ಆ ಪಟ್ಟಿಯಲ್ಲಿದೆ. ಹಾಗಾಗಿ ಕಾಫಿ ಬೀಜ ಹಾಕುತ್ತ ಆಡುವವರು ಆಟದೊಳಗೆ ಬೆಳಗ್ಗೆ ಎದ್ದು ಗಂಜಿ ಕುಡಿಯುತ್ತಾರೆ.

ಆಡುವವರು ಮೂವರು, ಮೂವರೂ ಬಾಳ್ಳುಪೇಟೆಯವರು. ಗೂಡ್ಸ್ ಆಟೋ ಓಡಿಸುವ ನವೀನ್‌ಕುಮಾರ್ ಆಟದಲ್ಲಿ ಈಟಿ ಹಿಡಿದ ಕಾವಲುಗಾರ. ಇಲ್ಲಿಯವರೆಗೆ ಒಂದು ಬಂಡೆ, ಒಂದು ಜೇನುಗೂಡು ಮತ್ತು ಸುಂಕದವನ ಕುದುರೆಯ ಮೇಲೆ ಯುದ್ಧ ಮಾಡಿದ್ದಾನೆ. ಮೂರರಲ್ಲೂ ಸೋತಿದ್ದಾನೆ. ದಿನಸಿ ಅಂಗಡಿಯ ಶಾಂತಮಲ್ಲಪ್ಪ ತಕ್ಕಡಿಯಲ್ಲಿ ಮೂವತ್ತು ವರ್ಷದಿಂದ ಒಂದು ಕಾಳು ಹೆಚ್ಚುಕಮ್ಮಿ ಮಾಡಿದವರಲ್ಲ. ಆಟದಲ್ಲಿ ಅವರು ಕಳ್ಳ. ತೂಕ ಬರಲಿ ಎಂದು ಉಪ್ಪಿಗೆ ನೀರು ಚಿಮುಕಿಸಿ ಆರು ಚೀಲ ಕರಗಿಸಿದ್ದಾರೆ. ಅವರ ಅಕ್ಕ, ಅರವತ್ತನಾಲ್ಕರ ಕಲ್ಯಾಣಮ್ಮ, ಆಟೋದಲ್ಲಿ ಜಾಗ ಇತ್ತೆಂದು ಒಂದು ದಿನ ಜೊತೆಗೆ ಬಂದವರು. ಈಗ ಆಟದಲ್ಲಿ ಅವರೇ ಈರಯ್ಯ, ಇಡೀ ಹೇರಿನ ಯಜಮಾನ. ಯೋಚನೆ ಬಂದಾಗ ಇಲ್ಲದ ಮೀಸೆ ತಿರುವುತ್ತಾರೆ.

ಇಂಥವರ ಮುಂದೆ ಲೈನಿನ ಹೆಣ್ಣುಮಗಳು ಸುಂಕದ ಅಧಿಕಾರಿಯಾಗಿ ಗದರುವುದು ಸುಲಭವಿರಲಿಲ್ಲ. ಮೊದಲ ಕಟ್ಟೆಯಲ್ಲಿ ವಾಣಿಯ ಅಧಿಕಾರಿ ಎದ್ದು ನಿಂತು, ಅಣ್ಣಾವ್ರೇ, ತೊಂದ್ರೆ ಇಲ್ಲ ಅಂದ್ರೆ ಸುಂಕ ಕೊಟ್ಟು ಹೋಗಿ ಎಂದ. ತೊಂದರೆ ಇದೆ ಎಂದು ಶಾಂತಮಲ್ಲಪ್ಪ ಕೊಡದೆ ಹೋದರು. ಎರಡನೇ ಕಟ್ಟೆಯಲ್ಲೂ ಹಾಗೇ. ಮೂರನೆಯದರಲ್ಲಿ ವಾಣಿ ಕಣ್ಣು ಮುಚ್ಚಿ, "ಏನ್ಲಾ, ನಿಮ್ಮಪ್ಪನ ರಸ್ತೆ ಅಂದ್ಕಂಡ್ಯಾ?" ಎಂದುಬಿಟ್ಟರು. ಶಾಂತಮಲ್ಲಪ್ಪ, ಅಂಗಡಿ ತೆರೆದ ಮೇಲೆ ತನಗೆ ಯಾರೂ ಹೀಗೆ ಮರ್ಯಾದೆಯಿಂದ ಬೈದಿಲ್ಲ ಎಂದು ಸುಂಕ ಕಟ್ಟಿದರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದಾಸಯ್ಯ ಮೊದಲು ಬಂದದ್ದು ಹಿಡಿದು ಹಾಕುವುದಕ್ಕೆ. ಬೀಜದ ಸದ್ದು ಕೇಳಿ ಜೂಜೆಂದುಕೊಂಡಿದ್ದರು. ಬಾಗಿಲಲ್ಲಿ ಹತ್ತು ನಿಮಿಷ ನಿಂತವರು, ಎತ್ತುಗಳಿಗೆ ಮಧ್ಯಾಹ್ನದಿಂದ ನೀರೇ ಕುಡಿಸಿಲ್ಲ ಎಂದು ಎಲ್ಲರನ್ನೂ ಬೈದು ಹೋದರು. ಅಂದಿನಿಂದ ಶೆಡ್ಡಿನ ಬೀಗದ ಕೈ ಶನಿವಾರ ಸಂಜೆಯೇ ವಾಣಿಯ ಮನೆಗೆ ಬರುತ್ತದೆ. ಹುಲಿಯಮ್ಮನದು ಮಾತ್ರ ಬೇರೆ ಅಭಿಪ್ರಾಯ: "ಅಂಗಡೀಲಿ ಪಾಕೀಟು ಉಪ್ಪು ಸಿಕ್ತೈತೆ. ಎರಡು ವರ್ಷದಿಂದ ಯಾಕವ್ವಾ ಹೊರ್ತಾ ಇದ್ದೀರಿ?"

ಉಪ್ಪು ಹೊರಟ ಎರಡು ವರ್ಷದಲ್ಲಿ ಆಡಿದ್ದು ಅರವತ್ತೊಂದು ಭಾನುವಾರ. ನಲವತ್ತು ಎತ್ತು ಹೊರಟಿದ್ದವು, ಮೂವತ್ತೇಳು ಉಳಿದಿವೆ. ಒಂದು ಹುಲಿಗೆ, ಒಂದು ಹೊಳೆಗೆ, ಒಂದನ್ನು ಶಾಂತಮಲ್ಲಪ್ಪ ಯಾರಿಗೂ ಹೇಳದೆ ಮಾರಿದರು. ಹೋದ ವರ್ಷ ಕಾಫಿ ಕೊಯ್ಲಿಗೆ ಆಟ ನಿಂತಿತು. ಮೂರು ತಿಂಗಳಾದ ಮೇಲೆ ಮತ್ತೆ ಕೂತಾಗ, ಆಡುತ್ತಿದ್ದ ಐವರಲ್ಲಿ ಇಬ್ಬರು ಬರಲೇ ಇಲ್ಲ. ಈ ಸಲವೂ ಹಣ್ಣು ಕೆಂಪಾಗಿದೆ. ನಾಳೆಯಿಂದ ಶೆಡ್ಡು ತೂಕಕ್ಕೆ ಬೇಕೆಂದು ದಾಸಯ್ಯ ಮೂರು ಸಲ ಹೇಳಿದ್ದಾರೆ. ಇನ್ನೊಮ್ಮೆ ನಡುದಾರಿಯಲ್ಲಿ ನಿಂತರೆ ಇರುವ ಮೂವರಲ್ಲಿ ಎಷ್ಟು ಮಂದಿ ವಾಪಸ್ಸು ಬರುತ್ತಾರೋ ವಾಣಿಗೆ ಗೊತ್ತಿಲ್ಲ. ಕೆಂದ ನಿಂತ ಜಾಗದಿಂದ ಮೇಲಿನ ಬಯಲಿಗೆ ಎರಡೇ ತಿರುವು. ಮನಸ್ಸು ಮಾಡಿದರೆ ಒಂದೇ ಬೆಳಗ್ಗೆ ಉಪ್ಪು ಸಕಲೇಶಪುರದ ಹೊಳೆದಂಡೆ ಮುಟ್ಟಿ ಆಟ ಮುಗಿಯುತ್ತದೆ.

ಮನಸ್ಸು ಮಾಡದವರು ಕಲ್ಯಾಣಮ್ಮ. ಕೆಂದ ಜಾರಿದ ದಿನ ಅವರು ಬೀಜ ಮುಷ್ಟಿಯಲ್ಲಿ ಹಿಡಿದರು. ಹಾಕಲಿಲ್ಲ. ಯೋಚನೆ ಮಾಡುತ್ತೇನೆಂದು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಹೋದರು. ಮುಂದಿನ ವಾರ ಬರಿಗೈಯಲ್ಲಿ ಬಂದರು. ಸೊಸೆ ಆ ಏಳನ್ನೂ ಉಳಿದ ಬೀಜದ ಜೊತೆ ಹುರಿದು ಪುಡಿ ಮಾಡಿಸಿದ್ದಳು. ಅದರ ಮುಂದಿನ ವಾರ, ವಾಣಿ ಕೊಟ್ಟು ಕಳಿಸಿದ್ದ ಹೊಸ ಏಳು ಬೀಜ ಆಟೋದಲ್ಲೇ ಎಲ್ಲೋ ಬಿದ್ದುಹೋದವು. ಬಿದ್ದದ್ದು ಅಂಥ ಆಕಸ್ಮಿಕವೇನಲ್ಲ ಎಂಬುದು ನವೀನ್‌ಕುಮಾರನ ಅಂದಾಜು.

ಏಳಕ್ಕೆ ಆಟೋ ಬರುತ್ತದೆ. ನಾಲ್ವರೂ ತೂಕದ ಹಲಗೆಯ ಸುತ್ತ ಗೋಣಿ ಹಾಸಿ ಕೂರುತ್ತಾರೆ. ಮಳೆ ಹನಿ ಬೀಳುತ್ತಿದೆ, ಹಗ್ಗ ಬಿಗಿಯಾಗಿದೆ, ಕೆಂದನ ಉಸಿರು ಕೇಳುತ್ತಿದೆ ಎಂದು ವಾಣಿ ಶುರು ಮಾಡುತ್ತಾರೆ. ಈಗ ಏನ್ಮಾಡ್ತೀರಿ?

"ಮೂರು ವಾರದಿಂದ ಹಗ್ಗ ಹಿಡ್ಕಂಡು ನಿಂತಿದ್ದೀನಿ ಕಣಕ್ಕ," ಎನ್ನುತ್ತಾರೆ ಶಾಂತಮಲ್ಲಪ್ಪ. "ತೋಳೆಲ್ಲ ಬಿದ್ದೋಗ್ತಾ ಐತೆ."

"ನೀನು ಹಿಡ್ಕಂಡಿರೋದು ಸುಳ್ಳು ಹಗ್ಗ ಕಣೋ."

"ಹಂಗಾರೆ ನಿನ್ನ ಎತ್ತೂ ಸುಳ್ಳೇ. ಬೀಜ ಹಾಕು."

ಕಲ್ಯಾಣಮ್ಮ ಮೀಸೆ ತಿರುವುತ್ತಾರೆ. ನವೀನ್‌ಕುಮಾರ್ ವಾಣಿಯ ಕಡೆ ತಿರುಗಿ, ಘಾಟಿ ನಿಮ್ಮದು, ಎತ್ತು ಹತ್ತಿತು ಅಂತ ಹೇಳಿ ಮುಗಿಸಿಬಿಡಿ ಎಂದು ಗೋಗರೆಯುತ್ತಾನೆ. ಯಾರಿಗೂ ಬೇಜಾರಿಲ್ಲ, ಹತ್ತು ಗಂಟೆಗೆ ತನಗೊಂದು ಬಾಡಿಗೆಯೂ ಇದೆ. ವಾಣಿ ತಲೆ ಅಲ್ಲಾಡಿಸುತ್ತಾರೆ.

"ನಾನು ಕತೆ ಹೇಳೋಳಲ್ಲ ನವೀನಣ್ಣ. ಹೇಳೋಳಾಗಿದ್ರೆ ನಲವತ್ತು ಎತ್ತೂ ಇರ್ತಿದ್ವು. ನಾನು ಕೇಳೋಳು."

ಅದು ಅವರ ಹೆಮ್ಮೆ. ಅರವತ್ತೊಂದು ಭಾನುವಾರದಲ್ಲಿ ಒಂದು ಬೀಜವನ್ನೂ ಅವರು ತಮ್ಮ ಇಷ್ಟಕ್ಕೆ ಮಗುಚಿಲ್ಲ. ಹುಲಿ ಎತ್ತನ್ನು ಹೊತ್ತೊಯ್ದ ದಿನ ಮನೆಗೆ ಹೋಗಿ ಊಟ ಬಿಟ್ಟು ಮಲಗಿದ್ದರು ಎನ್ನುವುದು ಹುಲಿಯಮ್ಮನಿಗೆ ಮಾತ್ರ ಗೊತ್ತು.

ಕಲ್ಯಾಣಮ್ಮ ಅಂಗೈಯಲ್ಲಿ ಬೀಜ ಕುಲುಕುತ್ತಾರೆ. ಆಮೇಲೆ ಯಾರನ್ನೂ ನೋಡದೆ ಹೇಳುತ್ತಾರೆ: "ಮನೇಲಿ ಎಲ್ಲಾನೂ ನನ್ನ ಕೇಳ್ದೇನೇ ಮಾಡಿ ಮುಗಿಸ್ತಾರೆ. ಗೋಡೆಗೆ ಸುಣ್ಣ ಹೊಡ್ದಿದ್ದೂ ಎದ್ದು ನೋಡ್ದಾಗ್ಲೇ ಗೊತ್ತಾಗಿದ್ದು. ಇದೊಂದು ನನ್ನ ಕೈಲೈತೆ. ಹಾಕ್ಬುಟ್ರೆ ಇದೂ ಮುಗೀತಲ್ಲ."

ಶಾಂತಮಲ್ಲಪ್ಪ ಇಲ್ಲದ ಹಗ್ಗವನ್ನು ಒಂದು ಸುತ್ತು ಬಿಗಿಯಾಗಿ ಕೈಗೆ ಸುತ್ತಿಕೊಳ್ಳುತ್ತಾರೆ. ಹೊರಗೆ ದಾಸಯ್ಯ ಬಂದು ಬಾಗಿಲಿಗೆ ಒರಗಿ ನಿಂತಿದ್ದಾರೆ. ಬೀಗದ ಕೈ ಇಸಿದುಕೊಳ್ಳಲು ಬಂದವರು ಅದನ್ನು ಕೇಳುವುದಿಲ್ಲ.

ವಾಣಿ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. "ಮುಗಿಯಲ್ಲ ಅಮ್ಮೋರೇ. ಏನು ಬಿದ್ರೂ ಈರಯ್ಯನ್ನ ನಾನು ಮತ್ತೆ ಕೇಳ್ತೀನಿ, ಈಗ ಏನ್ಮಾಡ್ತೀಯ ಅಂತ. ಅವನು ಹೇಳೋ ತಂಕ ಇಲ್ಲಿ ಯಾರೂ ಒಂದು ಹೆಜ್ಜೆ ಇಡಲ್ಲ."

ಕಲ್ಯಾಣಮ್ಮ ವಾಣಿಯನ್ನೇ ನೋಡುತ್ತಾರೆ. ಮುಷ್ಟಿ ಎತ್ತುತ್ತಾರೆ, ಕಣ್ಣು ಮುಚ್ಚುತ್ತಾರೆ, ಹಾಕುತ್ತಾರೆ.

ಏಳು ಬೀಜ ಕಬ್ಬಿಣದ ಮೇಲೆ ಚಟಪಟ ಎನ್ನುತ್ತವೆ. ಮೂರು ಗೀರು ಮೇಲೆ ಮಾಡಿ ಕೂರುತ್ತವೆ. ಮೂರು ಬೆನ್ನು ತೋರಿಸಿ ಮಲಗುತ್ತವೆ. ಏಳನೆಯದು ಹಲಗೆಯ ಅಂಚಿಗೆ ತಾಗಿ, ಒಂದು ಸಲ ಎಗರಿ, ಸಂದಿನೊಳಗೆ ಇಳಿದುಹೋಗುತ್ತದೆ.

ಸಂದಿನಲ್ಲಿ ಕತ್ತಲೆ. ಒಳಗೆಲ್ಲೋ ಇಪ್ಪತ್ತು ಮುಖದ ದಾಳದ ಪಕ್ಕದಲ್ಲಿ ಆ ಬೀಜ ಹೊಟ್ಟೆ ಮೇಲಾಗಿಯೋ ಬೆನ್ನು ಮೇಲಾಗಿಯೋ ಕೂತಿದೆ. ಕೆಂದನಿಗೆ ಬೇಕಾದ ನಾಲ್ಕನೇ ಗೀರು ಇದ್ದರೆ ಅದರಲ್ಲೇ. ನವೀನ್‌ಕುಮಾರನ ಕೈಯಲ್ಲಿ ಮೊಬೈಲಿದೆ, ಮೊಬೈಲಿಗೆ ಟಾರ್ಚಿದೆ. ಅವನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಶಾಂತಮಲ್ಲಪ್ಪ ಹಗ್ಗ ಬಿಟ್ಟಿಲ್ಲ. ಕಲ್ಯಾಣಮ್ಮ ಇನ್ನೂ ಕಣ್ಣು ತೆರೆದಿಲ್ಲ. ಬಾಗಿಲಲ್ಲಿ ದಾಸಯ್ಯ ಕಾಫಿ ಗಿಡಗಳ ಕಡೆ ತಿರುಗಿ, ಹಣ್ಣು ಎಣಿಸುವವರ ಹಾಗೆ ನಿಂತಿದ್ದಾರೆ.

ವಾಣಿ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ:

"ಯಾರಾದ್ರೂ ಒಂಚೂರು ಬಗ್ಗಿ ನೋಡಿ."