ಮಲಕವ್ವ ಪೆಟ್ರೋಲ್ ಟಾಕಿಗೆ ಬೆಸುಗೆ ಹಾಕಿದ್ದು

ಸೋರುವ ಕೊಡ, ತೂತು ಬಿದ್ದ ಕಂದೀಲು, ಎಣ್ಣೆಯ ಡಬ್ಬಿ, ಏನೇ ಇದ್ದರೂ ಉಮದಿಯ ಜನ ಮಲಕವ್ವನ ಕಟ್ಟೆಗೆ ತರುತ್ತಿದ್ದರು. ಬೆಸುಗೆ ಹಾಕುವ ಹೆಂಗಸನ್ನು ಸುತ್ತಲಿನ ಊರುಗಳಲ್ಲಿ ಯಾರೂ ಕಂಡಿರಲಿಲ್ಲ. ಅವಳೂ ಬಯಸಿ ಕಲಿತವಳಲ್ಲ. ಕೆಲಸ ಗಂಡ ಧೂಳಪ್ಪನದು. ಅವಳು ಪಕ್ಕದಲ್ಲಿ ಕುಳಿತು ತಿದಿ ಒತ್ತುತ್ತಿದ್ದಳು, ಅಷ್ಟೆ.

ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ, ಗುತ್ತಿಗೆದಾರನೊಬ್ಬನ ಫಟಫಟಿಯ, ಅಂದರೆ ಮೋಟಾರ್ ಸೈಕಲ್ಲಿನ, ಪೆಟ್ರೋಲ್ ಟಾಕಿ ಆ ಕಟ್ಟೆಗೆ ಬಂತು. ಹಸಿ ಇದ್ದಲ್ಲಿ ಬೆಸುಗೆ ಹತ್ತುವುದಿಲ್ಲ ಎಂಬುದು ಧೂಳಪ್ಪನಿಗೆ ಅಪ್ಪನಿಂದ ಬಂದ ಪಾಠ. ಕೊಡವನ್ನು ಒಣಗಿಸುವಂತೆಯೇ ಟಾಕಿಯನ್ನು ಬರಿದು ಮಾಡಿ ಬಿಸಿಲಿಗಿಟ್ಟ. ಒಣಗಿತೆಂದು ಕಾದ ಕಬ್ಬಿಣ ಮುಟ್ಟಿಸಿದ. ಒಳಗೆ ಉಳಿದಿದ್ದ ಪೆಟ್ರೋಲಿನ ಆವಿ ಸಿಡಿಯಿತು. ಧೂಳಪ್ಪ ಬದುಕಿದ, ಕಣ್ಣು ಉಳಿಯಲಿಲ್ಲ.

ಆಮೇಲೆ ಮಲಕವ್ವ ಕಬ್ಬಿಣ ಹಿಡಿದಳು. ಧೂಳಪ್ಪ ಬೆಸುಗೆಯ ಮೇಲೆ ಬೆರಳಾಡಿಸಿ, "ಇದೇನ ಬೆಸುಗಿಯೋ, ಗುಬ್ಬಿ ಗೂಡೋ?" ಎನ್ನುತ್ತಿದ್ದ.

"ಕಲಿಸಿದಾವ್ರು ನೀವು. ಬೈಕೋಬೇಕಂದ್ರ ನಿಮ್ಮನ್ನ ಬೈಕೋರಿ."

ಆದರೆ ಪೆಟ್ರೋಲ್ ಮುಟ್ಟಿದ ಡಬ್ಬಿಯನ್ನೂ ಅವಳು ಅಂಗಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಏಳೆಂಟು ವರ್ಷಗಳ ಮೇಲೆ ಒಂದು ಮುಂಜಾನೆ ಊರಿನ ಡಾಕ್ಟರ್ ಶ್ರೀಶೈಲಪ್ಪನವರು ಫಟಫಟಿ ತಳ್ಳಿಕೊಂಡು ಬಂದರು. ಯಳವಿ ಎಂಬ ಊರಿನಲ್ಲಿ ಒಬ್ಬ ಹೆಂಗಸು ನಿನ್ನೆಯಿಂದ ಹೆರಿಗೆಯ ನೋವಿನಲ್ಲಿದ್ದಳು. ಬಸ್ಸು ಹೋಗಿಯಾಗಿತ್ತು. ಟಾಕಿಯ ತಗಡಿನ ಹೊಲಿಗೆ ಬಿಟ್ಟು, ಸೋರದಂತೆ ಮೆತ್ತಿದ ಸಾಬೂನೂ ಉದುರಿ, ಪೆಟ್ರೋಲೆಲ್ಲ ದಾರಿಯಲ್ಲಿ ಸುರಿದಿತ್ತು.

"ಮಲಕವ್ವಾ, ಇಲ್ಲ ಅನಬ್ಯಾಡ."

"ಇದಕ್ಕ ಬೆಂಕಿ ತೋರ್ಸಂಗಿಲ್ಲರಿ ಸಾಹೇಬ್ರ. ಇವ್ರ ಮುಖಾ ಒಮ್ಮಿ ನೋಡ್ರಿ."

ಡಾಕ್ಟರು ಮೂಲೆಯಲ್ಲಿ ಕುಳಿತಿದ್ದ ಧೂಳಪ್ಪನ ಸುಟ್ಟ ಮುಖ ನೋಡಿದರು. ಮೆಲ್ಲಗೆ ಹೇಳಿದರು: "ನೀರು ತುಂಬಿದ್ರ ಸಿಡಿಯಂಗಿಲ್ಲ. ಸೋಲಾಪುರದಾಗ ಹಂಗ ಮಾಡೂದು ನಾ ನೋಡೇನಿ. ಸೋರೂ ಜಾಗಾ ಮ್ಯಾಲ ಬರೂಹಂಗ ಹಿಡದು, ಅದರ ಕೆಳಗಿನ ತನಕಾ ನೀರು. ಆವಿ ನಿಲ್ಲಾಕ ಜಾಗಾನ ಇರಂಗಿಲ್ಲ."

"ಅವತ್ತ ಯಾರೂ ಹೇಳಲಿಲ್ಲಲ್ಲರಿ" ಎಂದಳು ಮಲಕವ್ವ.

ಮೂಲೆಯಿಂದ ಧೂಳಪ್ಪ ಹೇಳಿದ: "ಮ್ಯಾಲಿನ ಹಸಿ ಅರಬಿಲೆ ಒರಸು, ಹತ್ತತದ. ಅಲ್ಲೊಂದ ಜೀವ ಒದ್ದಾಡಾಕತ್ತೇತಿ. ಒಲಿ ಹಚ್ಚು."

"ಹಂಗಾದ್ರ ನೀವು ಹೊರಗ ನಡ್ರಿ."

"ನನ್ನ ಕಣ್ಣು ಇನ್ನೊಮ್ಮಿ ಹೋಗ್ತಾವೇನ? ನಿನ್ನ ಕಣ್ಣು ಜ್ವಾಕಿ."

ಅವಳು ನಗಲಿಲ್ಲ. ಅವನ ಕೈ ಹಿಡಿದು ದಾರಿಯಾಚೆಯ ಬೇವಿನ ಮರದ ಕೆಳಗೆ ಕೂರಿಸಿ ಬಂದಳು. ಒಲೆಯನ್ನು ದೂರ, ಹಿತ್ತಲಲ್ಲಿ ಹಚ್ಚಿದಳು. ಡಾಕ್ಟರು ಬಿಚ್ಚಿಕೊಟ್ಟ ಟಾಕಿಗೆ ನೀರು ಹೊಯ್ದಳು. ಒಂದೇ ಕೊಡದಲ್ಲಿ ಟಾಕಿ ತುಂಬಿತು. ಕೊಡದ ತಳದಲ್ಲಿ ಇನ್ನೂ ಸ್ವಲ್ಪ ಉಳಿಯಿತು. ಡಾಕ್ಟರೇ ಟಾಕಿಯನ್ನು ಎರಡೂ ಕೈಯಿಂದ ಓರೆಯಾಗಿ ಹಿಡಿದು ಕುಳಿತರು.

ಅವಳು ಮುಖ ಓರೆ ಮಾಡಿಕೊಂಡು ಕಾದ ಕಬ್ಬಿಣ ತಂದಳು. ಮುಟ್ಟಿಸಿದ ಕೂಡಲೆ ಚುಂಯ್ ಎಂದಿತು. ಮರದ ಕೆಳಗಿನಿಂದ ಕೂಗು ಬಂತು: "ಏನಾತ?"

"ಏನಾಗಿಲ್ಲರಿ! ಸುಮ್ಮ ಕುಂದ್ರಿ!"

ಹಸಿ ಉಳಿದಿತ್ತು, ಬೆಸುಗೆಯ ತವರ ಹತ್ತಲಿಲ್ಲ. ಅವಳು ಸೆರಗಿನಿಂದ ಒರೆಸಿ, ಕಬ್ಬಿಣವನ್ನು ಮತ್ತೆ ಕಾಯಿಸಿ ತಂದಳು. ಈ ಸಲ ತವರ ಕರಗಿ, ಬಿರುಕಿನ ಉದ್ದಕ್ಕೂ ಬೆಳ್ಳಗೆ ಹರಿದು ನಿಂತಿತು.

ಡಾಕ್ಟರು ನೀರು ಚೆಲ್ಲಿ, ಟಾಕಿ ಕೂಡಿಸಿ, ತಮ್ಮ ಮನೆಯಿಂದ ತರಿಸಿದ ಪೆಟ್ರೋಲ್ ಹಾಕಿ ಹೊರಟುಹೋದರು. ಆ ಹೆಂಗಸು ಬದುಕಿದಳೆಂದು ಸಂಜೆಯ ಬಸ್ಸಿನವರು ಹೇಳಿದರು. ಕೂಸು ಉಳಿದಿರಲಿಲ್ಲ.

ಊಟಕ್ಕೆ ಕುಳಿತಾಗ ಧೂಳಪ್ಪ ರೊಟ್ಟಿ ಮುರಿಯುತ್ತ ಕೇಳಿದ: "ನೀರು ಎಷ್ಟ ಹಿಡೀತ?"

ಮಲಕವ್ವ ಮೂಲೆಯಲ್ಲಿದ್ದ ಆ ಒಂದು ಕೊಡವನ್ನೂ ಅವನ ಸುಟ್ಟ ಮುಖವನ್ನೂ ನೋಡಿ, ಅವನ ತಾಟಿಗೆ ಪಲ್ಯ ಹಾಕಿದಳು.

"ಭಾಳ ಹಿಡೀತರಿ" ಎಂದಳು. "ತಂದು ತಂದು ಸುರದೆ."