ಒಬ್ಬಳೇ ಮಗಳು

ಆಶಾ ಕಾರ್ಯಕರ್ತೆ ಕೊಟ್ಟುಹೋದ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯ ಮುಚ್ಚಳ ತೆಗೆದಿದ್ದೇ ತಡ, ಸೊರಬದ ಮಿಷನ್ ಕಾಂಪೌಂಡಿನಲ್ಲಿ ನಾನು ಬೆಳೆದ ಮನೆಯ ವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ನನಗೂ ಅಕ್ಕ ಗ್ರೇಸಿಗೂ ಉಣುಗು ಕಚ್ಚಿ ಮಂಗನ ಕಾಯಿಲೆ ಬಂತು. ನಾನು ಉಳಿದೆ, ಅಕ್ಕ ಸತ್ತಳು. ಅಪ್ಪ ಬೋಧಕರು. ಆಮೇಲೆ ಕ್ಯಾಸನೂರು ಕಡೆಯ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೋದಾಗಲೆಲ್ಲ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದರು.

“ನಮ್ಮ ಒಬ್ಬಳೇ ಮಗಳು. ಪ್ರಾರ್ಥನೆಯಿಂದ ಬದುಕಿದ್ಲು, ನೋಡ್ರೀ!”

ಅವರ ದನಿ ಒಮ್ಮೆಯೂ ನಡುಗಲಿಲ್ಲ.

ವಾಪಸಾಗುವಾಗ ಜೀಪಿನಲ್ಲಿ ಅಮ್ಮ ಬೇಡಿಕೊಂಡಳು: “ಗ್ರೇಸಿ ಹೆಸ್ರೂ ಒಂದ್ಸಲ ಹೇಳ್ರೀ.”

“ಅವಳಿಗೂ ಪ್ರಾರ್ಥನೆ ಮಾಡಿದ್ವಲ್ಲೇ. ಜನ ಕೇಳಿದ್ರೆ ಏನಂತ ಹೇಳ್ಲಿ? ನೀನು ಹಾರ್ಮೋನಿಯಂ ನುಡಿಸೋದು ನೋಡ್ಕೋ.”

ಅಮ್ಮ ಮತ್ತೆಂದೂ ಕೇಳಲಿಲ್ಲ.

ಈಗ ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ನನ್ನ ಮಗಳು ಕೇಳಿದಳು: “ಅಮ್ಮಾ, ನಿಂಗೆ ಅಕ್ಕ-ತಂಗಿ ಯಾರೂ ಇರ್ಲಿಲ್ವಾ?”

“ಇಲ್ಲ, ನಾನು ಒಬ್ಬಳೇ ಮಗಳು,” ಅಂದೆ. ನನ್ನ ದನಿಯೂ ನಡುಗಲಿಲ್ಲ.