ಹಿತ್ತಲು ಹೆಪ್ಪುಗಟ್ಟಿದ ರಾತ್ರಿ ಹೊದಿಸಿದ ಸೀರೆ

ನಂಬುವವರು ನಂಬಿ, ಬಿಡುವವರು ಬಿಡಿ. ಇದು ನಮ್ಮದೇ ಹಿತ್ತಲಲ್ಲಿ ನಡೆದದ್ದು. ನಡೆದು ಇನ್ನೂ ಒಂದು ತಿಂಗಳಾಗಿದೆ, ಅಷ್ಟೆ.

ನಾವು ಉಡುಪಿ ಕಡೆಯವರು. ಗಂಡನ ಬ್ಯಾಂಕ್ ಕೆಲಸ ನಮ್ಮನ್ನು ಕೋಲ್ಕತ್ತಾಕ್ಕೆ ತಂದಿತು. ಕಸ್ಬಾ ಬಡಾವಣೆ ದಾಟಿ ಊರಂಚಿನಲ್ಲಿ ಪುಟ್ಟ ಮನೆ, ಹಿಂದೆ ಬಸಳೆ ಚಪ್ಪರ, ಹನ್ನೊಂದು ಮಲ್ಲಿಗೆ ಗಿಡ. ಮಗಳು ಸ್ವಾತಿ ಆಗ ಏಳು ತಿಂಗಳ ಬಸುರಿ, ನಮ್ಮಲ್ಲಿಗೆ ಬಂದಿದ್ದಳು. ಮೊದಲೆರಡು ನಿಂತಿರಲಿಲ್ಲ. ಈ ಸಲ ಹೂ ಮುಡಿಸುವ ಶಾಸ್ತ್ರಕ್ಕೆ ನಮ್ಮ ಗಿಡದ ಮಲ್ಲಿಗೆಯೇ ಆಗಬೇಕೆಂದು ನಾನು ಹಠ ಹಿಡಿದಿದ್ದೆ.

ಶಾಸ್ತ್ರದ ಹಿಂದಿನ ರಾತ್ರಿ ಇವರು ಹಿತ್ತಲಿನಿಂದ ಓಡಿ ಬಂದರು.

"ಬೇಗ ಬಾ ಮಾರಾಯ್ತಿ. ಎಲೆ ಮೇಲೆ ಎಂತದೋ ಬಿಳಿ ಬಿಳಿ ಕೂತಿದೆ..."

ಮುಟ್ಟಿದರೆ ಕರಕರ ಅಂದಿತು. ಇಬ್ಬನಿ ಹೆಪ್ಪುಗಟ್ಟಿತ್ತು! ಕಡಲ ತೀರದವರಿಗೆ ಇದೆಲ್ಲ ಎಲ್ಲಿ ಗೊತ್ತು? ಬಸಳೆ ಆಗಲೇ ಕಪ್ಪಾಗಿ ಜೋತುಬಿದ್ದಿತ್ತು. ಬೆಡ್‌ಶೀಟು, ಕಂಬಳಿ, ಇವರ ಲುಂಗಿ, ಸಿಕ್ಕಿದ್ದನ್ನೆಲ್ಲ ಗಿಡಗಳಿಗೆ ಹೊದಿಸಿದೆವು. ಕೊನೆಯ ಗಿಡಕ್ಕೆ ಏನೂ ಉಳಿಯಲಿಲ್ಲ. ಮೊಗ್ಗು ಹೆಚ್ಚಿದ್ದುದು ಅದರಲ್ಲೇ.

ಆಗ ತಪ್ಪು ಮಾಡಿದೆ. ಪೆಟ್ಟಿಗೆಯಿಂದ ಅತ್ತೆಯ ಸೀರೆ ತೆಗೆದೆ. ಅತ್ತೆ ತೀರಿಹೋಗಿ ಆರು ವರ್ಷ. ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವಾಗ ಅವರ ಎಲೆಯ ಪಕ್ಕ ಇಡುವ ಸೀರೆ ಅದು. ಬೇರೆ ಕೆಲಸಕ್ಕೆ ಮುಟ್ಟುವ ಕ್ರಮವಿಲ್ಲ.

"ಅದು ಬೇಡ..." ಇವರ ಸ್ವರ ಇಳಿದಿತ್ತು.

"ಬೆಳಿಗ್ಗೆ ಒಗೆದು ಇಡ್ತೇನೆ. ಮೊಗ್ಗು ಹೋದ್ರೆ ಎಂತ ಮಾಡುದು?"

ಹೊದಿಸುವಾಗ ಮೂಗಿಗೆ ತೆಂಗಿನೆಣ್ಣೆಯ ವಾಸನೆ ಬಡಿಯಿತು. ಆಗಷ್ಟೇ ತಲೆ ಬಾಚಿ ಎದ್ದವರಿಂದ ಬರುವ ವಾಸನೆ. ಪೆಟ್ಟಿಗೆಯಲ್ಲಿದ್ದ ಬಟ್ಟೆಗೆ ಅದೆಲ್ಲಿಂದ ಬರಬೇಕು?

ಸ್ವೆಟರ್ ಹಾಕಿಕೊಂಡು ಮುದುಡಿ ಮಲಗಿದೆವು. ನಡುರಾತ್ರಿ ಹಿತ್ತಲಲ್ಲಿ ಸದ್ದು.

ಚಿಟ್... ಚಿಟ್... ಚಿಟ್...

ಯಾರೋ ಮೊಗ್ಗು ಚಿವುಟುತ್ತಿದ್ದರು. ಇವರು ನನ್ನ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು. ಎದ್ದು ನೋಡುವ ಧೈರ್ಯವಾಗದೆ ಇವರ ತೋಳಿಗೆ ಅಂಟಿಕೊಂಡೆ. ದೇವರ ಹೆಸರು ಕೂಡ ನೆನಪಾಗಲಿಲ್ಲ.

ಬೆಳಿಗ್ಗೆ ನೋಡಿದರೆ ಹತ್ತು ಗಿಡ ಸುಟ್ಟಂತೆ ಕರಕಲು. ಸೀರೆ ಹೊದ್ದದ್ದು ಒಂದೇ ಹಸಿರು. ಆದರೆ ಒಂದು ಮೊಗ್ಗೂ ಇರಲಿಲ್ಲ.

ಗೋಡೆಯಾಚೆಯಿಂದ ಪಕ್ಕದ ಮನೆಯ ಬಂಗಾಳಿ ಮುದುಕರು ಇಣುಕಿ, ಅವರ ಭಾಷೆಯಲ್ಲಿ ಅತ್ತಿಗೆ ಎಂದು ಕರೆದರು. "ಬೌದಿ, ನಿಮ್ಮ ಗಿಡಗಳಿಗೆ ಏನಾಯಿತು? ನಮ್ಮಲ್ಲಿ ಬರೀ ಇಬ್ಬನಿ ಬಿದ್ದಿತ್ತಲ್ಲ!" ಅವರ ಕುಂಬಳ ಬಳ್ಳಿ ನಳನಳಿಸುತ್ತಿತ್ತು.

ಸ್ವಾತಿಯ ಕೋಣೆಗೆ ಓಡಿದೆ. ಅವಳು ಆರಾಮವಾಗಿ ಮಲಗಿದ್ದಳು. ಜಡೆಯ ತುಂಬ ಮಲ್ಲಿಗೆ... ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ್ದು. ನಾನು ನೂಲಿನಲ್ಲಿ ಕಟ್ಟುವವಳು. ನಾರಿನ ಕೆಲಸ ನನಗೆ ಇವತ್ತಿಗೂ ಬರುವುದಿಲ್ಲ.

ಅವಳು ಕಣ್ಣುಜ್ಜುತ್ತ ನಕ್ಕಳು. "ಅಮ್ಮಾ, ಬೆಳಿಗ್ಗೆವರೆಗೆ ವೇಟ್ ಮಾಡ್ಲಿಕ್ಕೆ ಆಗ್ಲಿಲ್ವಾ? ರಾತ್ರಿಯೇ ಹೂ ಮುಡಿಸಿದಿ. ನಿನ್ನ ಕೈ ಎಷ್ಟು ಕೋಲ್ಡ್ ಇತ್ತು! ಹೊಟ್ಟೆ ಮೇಲೆ ಇಟ್ಟಾಗ ಬೇಬಿ ಒಮ್ಮೆಲೇ ಸೈಲೆಂಟ್ ಆಯ್ತು."

"ಹೌದು ಮಗಾ," ಅಂದುಬಿಟ್ಟೆ. ಬಸುರಿಗೆ ಇನ್ನೇನು ಹೇಳಲಿ?

ಅತ್ತೆ ಹರಸಲು ಬಂದಿದ್ದರೋ, ಮುನಿದು ಬಂದಿದ್ದರೋ... ಡಾಕ್ಟರು ಎಲ್ಲ ಸರಿಯಿದೆ ಅನ್ನುತ್ತಾರೆ. ಹೆರಿಗೆಗೆ ಇನ್ನೂ ಒಂದು ತಿಂಗಳಿದೆ. ದಿನಾ ರಾತ್ರಿ ಅವಳಿಗೆ ನಿದ್ದೆ ಬಂದ ಮೇಲೆ ಮೆಲ್ಲಗೆ ಹೊಟ್ಟೆ ಮುಟ್ಟಿ ನೋಡುತ್ತೇನೆ. ಬೆಚ್ಚಗಿರುತ್ತದೆ. ಎಡಗಡೆ ಒಂದು ಅಂಗೈಯಗಲ ಜಾಗ ಮಾತ್ರ ತಣ್ಣಗಿರುತ್ತದೆ.